ಹದಿನಾಲ್ಕು ನಿಮಿಷದ ಬೀದಿ

“ಆರೇ ನಿಮಿಷ! ಬೀದಿ ಪೂರ್ತಿ ಖಾಲಿ!”

ಫೈರ್ ಆಫೀಸರ್ ಸ್ಟಾಪ್‌ವಾಚ್ ಒತ್ತಿ ಕೂಗಿದರು. ಸ್ಕೂಲ್ ಮೈದಾನದಲ್ಲಿ ನಿಂತಿದ್ದ ಅಪ್ಪಂದಿರೆಲ್ಲ ಚಪ್ಪಾಳೆ ತಟ್ಟಿದರು.

ಯಾಕಮ್ಮ ತಟ್ಟಲಿಲ್ಲ. ಅವಳ ನಿಜವಾದ ಹೆಸರು ಬೇರೆ. ಮಾತೆತ್ತಿದರೆ ‘ಯಾಕೆ’ ಎನ್ನುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರದು.

“ಸರ್, ನಮ್ಮಮ್ಮ ಇನ್ನೂ ಬಂದಿಲ್ಲ. ಯಾಕೆ ವಾಚ್ ನಿಲ್ಲಿಸಿದ್ರಿ?”

ಆಫೀಸರ್ ಫಾರಂ ತೋರಿಸಿದರು. ಮೂವತ್ತೆರಡು ಮನೆಗೆ ಮೂವತ್ತೆರಡು ಚೌಕ. “ಮನೆ ಯಜಮಾನ ಬಂದ್ರೆ ಆ ಮನೆಗೆ ಟಿಕ್. ನೋಡು, ನಿಮ್ಮಪ್ಪನೇ ಫಸ್ಟು!”

ಅಪ್ಪ ಮೀಸೆ ತಿರುವಿದ.

ಬೀದಿಯ ಹಿಂದೆಯೇ ಐಸ್ ಫ್ಯಾಕ್ಟರಿ. ಅಲ್ಲಿಯ ಪೈಪು ಸೋರಿದರೆ ಉಸಿರು ಕಟ್ಟಿಸುವ ಗ್ಯಾಸ್ ಹಬ್ಬುತ್ತದೆ. ಸೈರನ್ ಕೂಗಿದ ಹತ್ತು ನಿಮಿಷದೊಳಗೆ ಎಲ್ಲರೂ ಮೈದಾನ ಸೇರಬೇಕು. ಅದಕ್ಕೇ ಈ ಭಾನುವಾರದ ಪ್ರಾಕ್ಟೀಸ್.

ಅಮ್ಮ ಬರುವಷ್ಟರಲ್ಲಿ ಅರ್ಧ ಜನ ವಾಪಸ್ ಹೊರಟಾಗಿತ್ತು. ಸೊಂಟದ ಮೇಲೆ ತಮ್ಮ, ತೋಳಿಗೆ ಜೋತುಬಿದ್ದ ಅಜ್ಜಿ.

“ನಾವು ಬರೋದ್ರೊಳಗೆ ಗ್ಯಾಸೂ ಬಂದು ಹೋಗಿರುತ್ತೆ ಬಿಡಿ!” ಎಂದಳು ಅಜ್ಜಿ. ಎಲ್ಲರೂ ಗೊಳ್ಳೆಂದು ನಕ್ಕರು. ಯಾಕಮ್ಮನಿಗೆ ಮಾತ್ರ ನಗು ಬರಲಿಲ್ಲ.

ಮರುದಿನ ಬೀದಿಯ ಮೂಲೆಯಲ್ಲಿ ಬೋರ್ಡು ನಿಂತಿತು: ‘ಈ ಬೀದಿ: 6 ನಿಮಿಷ.’

ಶನಿವಾರ ಮಧ್ಯಾಹ್ನ ಯಾಕಮ್ಮ ಪಿ.ಟಿ. ಮೇಡಂ ಹತ್ತಿರ ಸ್ಟಾಪ್‌ವಾಚ್ ಕೇಳಿ ತಂದಳು. ಗಂಡಸರೆಲ್ಲ ಡ್ಯೂಟಿಗೆ ಹೋಗಿದ್ದರು. ಅವಳೇ ಗೆರೆ ಹಾಕಿ ಹೊಸ ಫಾರಂ ಮಾಡಿದ್ದಳು. ಮನೆಗೊಂದು ಚೌಕವಲ್ಲ, ತಲೆಗೊಂದು.

“ತಟ್ಟೆ ಬಡಿದ ಕೂಡ್ಲೇ ಎಲ್ರೂ ಹೊರಡಬೇಕು,” ಎಂದು ಮನೆಮನೆಗೆ ಹೇಳಿದಳು.

“ಏನೇ, ನಮಗೂ ಓಟದ ಪಂದ್ಯನಾ?” ಟೈಲರ್ ಅತ್ತೆ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದಳು. “ಗೆದ್ರೆ ಏನ್ ಕೊಡ್ತೀಯ?”

“ಟಿಕ್ ಕೊಡ್ತೀನಿ, ಅತ್ತೆ.”

ಗೆಳತಿಯರು ಫಾರಂ ಹಿಡಿದು ಮೈದಾನದಲ್ಲಿ ನಿಂತರು. ಯಾಕಮ್ಮ ತಟ್ಟೆ ಬಡಿದು ಅಮ್ಮನ ಬೆನ್ನು ಹತ್ತಿದಳು.

ಅಮ್ಮ ಒಲೆ ಆರಿಸಿದಳು. ಮಲಗಿದ್ದ ತಮ್ಮನನ್ನು ಎತ್ತಿಕೊಂಡಳು. ಅಜ್ಜಿಯ ಕೋಲು ಹುಡುಕಿದಳು; ಅದು ಮಂಚದ ಕೆಳಗಿತ್ತು. ಇನ್ನೇನು ಓಡಬೇಕು, ಅಷ್ಟರಲ್ಲಿ ಪಕ್ಕದ ಮನೆಗೆ ನುಗ್ಗಿದಳು.

“ಅಮ್ಮಾ, ಟೈಮ್ ಆಗ್ತಿದೆ!”

“ಈ ಅಕ್ಕನಿಗೆ ಕಿವಿ ಕೇಳಲ್ಲ ಕಣೇ. ನೀನು ತಟ್ಟೆ ಬಡಿದ್ರೆ ಏನು ಬಂತು?” ಅಮ್ಮ ಆಕೆಯ ಕೈಹಿಡಿದು ಕರೆತಂದಳು.

ಸ್ಕೂಲಿನ ಹಿಂದಿನ ಗೇಟು ಎದುರಿಗೇ ಇತ್ತು. ಆದರೆ ಬೀಗ. ಸುತ್ತುಹಾಕಿಕೊಂಡು ಮುಂದಿನ ಗೇಟಿಗೆ ಹೋಗಬೇಕಾಯಿತು. ಅದಕ್ಕೇ ನಾಲ್ಕು ನಿಮಿಷ.

ಎಲ್ಲರಿಗಿಂತ ಕೊನೆಗೆ ಬಂದವರು ಅವರೇ. ವಾಚ್ ನೋಡಿದರೆ ಹದಿನಾಲ್ಕು.

ಸಂಜೆ ಅಪ್ಪ ಫಾರಂ ನೋಡಿ ಸಿಡುಕಿದ. “ಬೀದಿ ಮರ್ಯಾದೆ ಕಳೀಬೇಕು ಅಂತಿದ್ದೀಯಾ?” ಆಮೇಲೆ ತನ್ನ ಮನೆಯ ಸಾಲು ಓದಿದ. ‘ತಮ್ಮ: ಕರೆತಂದವರು ಅಮ್ಮ. ಅಜ್ಜಿ: ಕರೆತಂದವರು ಅಮ್ಮ. ಪಕ್ಕದ ಮನೆಯವರು: ಕರೆತಂದವರು ಅಮ್ಮ.’ ಪಕ್ಕದಲ್ಲೇ ಭಾನುವಾರದ್ದೂ ಇತ್ತು. ‘ಅಪ್ಪ: ಯಾರನ್ನೂ ಕರೆತಂದಿಲ್ಲ.’

ಮೀಸೆಗೆ ಹೋಗಿದ್ದ ಕೈ ಕೆಳಗಿಳಿಯಿತು. “ನಾಳೆ ಆಫೀಸರ್ ಹತ್ರ ಹೋಗೋಣ ನಡಿ,” ಎಂದ.

ಆಫೀಸರ್ ಫಾರಂ ಅನ್ನು ಎರಡು ಸಲ ಓದಿದರು. ಆಮೇಲೆ ಬೀದಿಗೇ ಬಂದರು. ಹೆಂಗಸರು ಸುತ್ತ ಸೇರಿದರು. ಸ್ಕೂಲಿನ ಹೆಡ್‌ಮಾಸ್ಟರನ್ನೂ ಕರೆಸಿದರು.

“ಹಿಂದಿನ ಗೇಟಿಗೆ ಬೀಗ ಯಾಕೆ?” ಈ ಸಲ ಯಾಕೆ ಎಂದವರು ಆಫೀಸರ್.

“ಭದ್ರತೆಗೆ ಅಂತ ಸರ್,” ಎಂದರು ಹೆಡ್‌ಮಾಸ್ಟರ್.

“ಯಾರ ಭದ್ರತೆಗೆ ಸ್ವಾಮಿ?” ಟೈಲರ್ ಅತ್ತೆ ಕೈಚಾಚಿದಳು. “ಹಗಲೆಲ್ಲ ಈ ಬೀದೀಲಿ ಇರೋರು ನಾವು. ಕೊಡಿ ಇಲ್ಲಿ ಬೀಗದ ಕೈ.”

ಹೆಡ್‌ಮಾಸ್ಟರ್ ಆಫೀಸರ್ ಮುಖ ನೋಡಿದರು. ಆಫೀಸರ್ ತಲೆಯಾಡಿಸಿದರು. ಬೀಗದ ಕೈ ಅತ್ತೆಯ ಮಿಷನ್ ಪಕ್ಕದ ಮೊಳೆಗೆ ಬಂತು. ಬೋರ್ಡಿನ ಮೇಲಿದ್ದ 6 ಅಳಿಸಿಹೋಯಿತು. ಆಫೀಸರ್ ಬಣ್ಣದ ಬ್ರಶ್ಶನ್ನು ಯಾಕಮ್ಮನ ಕೈಗೇ ಕೊಟ್ಟರು. ಅವಳು ದೊಡ್ಡದಾಗಿ ‘14’ ಬರೆದಳು.

“ಮುಂದಿನ ಸಲ ಅಮ್ಮನ್ನ ನಾನು ಎತ್ಕೊಂಡು ಬರ್ತೀನಿ, ಹತ್ತಕ್ಕೆ ಇಳಿಸೋಣ,” ಎಂದ ಅಪ್ಪ, ಅಜ್ಜಿಯ ಕಡೆ ಕೈತೋರಿಸಿ.

“ಭಾನುವಾರ ಎತ್ಕೊಳ್ಳೋ ಮಾರಾಯ. ಬುಧವಾರ ನೀನು ಡ್ಯೂಟೀಲಿರ್ತೀಯ, ನನ್ನ ಸೊಸೇನೇ ಗತಿ,” ಎಂದಳು ಅಜ್ಜಿ. “ಹೇಗೂ ಗೇಟು ತೆಗ್ದಿದೆ. ನಾವೇ ಹತ್ತಕ್ಕೆ ಇಳಿಸ್ತೀವಿ ನೋಡ್ತಿರು!”

ಎಲ್ಲರೂ ಹೋದ ಮೇಲೆ ಬೋರ್ಡಿನ ಮುಂದೆ ಅಮ್ಮ, ಯಾಕಮ್ಮ ಇಬ್ಬರೇ ಉಳಿದರು. ಅಮ್ಮ ಒದ್ದೆ ಬಣ್ಣಕ್ಕೆ ತಾಗದಂತೆ ಬೆರಳು ಹತ್ತಿರ ಒಯ್ದಳು.

“ಇದರಲ್ಲಿ ನಾನಿದ್ದೀನೇನೇ?”

“ಇದ್ದೀಯಮ್ಮ.”

ಅಮ್ಮ ಬೆನ್ನು ನೆಟ್ಟಗೆ ಮಾಡಿ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಯಾಕಮ್ಮನೂ ನೋಡಿದಳು. ಆರಕ್ಕಿಂತ ಹದಿನಾಲ್ಕು ಎಷ್ಟೊಂದು ತುಂಬಿಕೊಂಡಂತೆ ಕಾಣುತ್ತಿತ್ತು. ಅವಳಿಗೆ ಇವತ್ತು ಏನೂ ಕೇಳಬೇಕು ಅನ್ನಿಸಲಿಲ್ಲ.