ಇಲ್ಲದ ಅಜ್ಜಿಯ ಕೂಗು

ನೇತ್ರಾಣಿ ದ್ವೀಪದ ಪಶ್ಚಿಮಕ್ಕೆ ದೋಣಿ ನಿಂತಿತ್ತು. ನೀರಿಗಿಳಿಸಿದ ‘ಕುಲವಾಣಿ’ ಯಂತ್ರದ ಪರದೆಯ ಮೇಲೆ ಒಂದೇ ಒಂದು ಗೆರೆ ಏರಿಳಿಯುತ್ತಿತ್ತು. ಕಡಲಿನ ಗದ್ದಲದಿಂದ ತಿಮಿಂಗಿಲಗಳ ದನಿಯನ್ನು ಸೋಸಿ, ಯಾವ ಕೂಗು ಯಾರದೆಂದು ಹೇಳುವ ಯಂತ್ರವದು. ಬೇಕೆಂದರೆ ಅದೇ ದನಿಯಲ್ಲಿ ಕೂಗಲೂ ಬಲ್ಲದು. ಅದನ್ನು ಕಟ್ಟುವುದರಲ್ಲೇ ವಿಜ್ಞಾನಿ ನೀರಜಾ ತಾಂಡೇಲಳ ಯೌವನ ಕಳೆದುಹೋಗಿತ್ತು.

“ತಿಮಿಂಗಿಲ ಹೆತ್ತಾಯ್ತಾ ಅಕ್ಕೋರೇ?” ದೋಣಿ ನಡೆಸುವ ದುರ್ಗಪ್ಪ ಮೊಗೇರ ಕೇಳಿದ.

“ಬೆಳಿಗ್ಗೆನೇ ಆಯ್ತು ದುರ್ಗಪ್ಪಣ್ಣ. ಆದ್ರೆ ಕೂಗೋಕೆ ಮನೆಯವರು ಯಾರೂ ಇಲ್ಲ.”

ಓರ್ಕಾ ತಿಮಿಂಗಿಲಗಳಲ್ಲಿ ಒಂದೊಂದು ಕುಟುಂಬಕ್ಕೂ ತನ್ನದೇ ಕೂಗು. ಮರಿ ಹುಟ್ಟಿತೆಂದರೆ ಅಜ್ಜಿ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಸುತ್ತ ನೆರೆದು ಆ ಕೂಗನ್ನೇ ಮತ್ತೆ ಮತ್ತೆ ಕೂಗುತ್ತಾರೆ. ತನ್ನವರು ಯಾರೆಂದು ಮರಿ ಕಲಿಯುವುದೇ ಹಾಗೆ. ಈ ತಾಯಿಯ ಕುಟುಂಬವಾದರೋ ಹಡಗುಗಳ ಸದ್ದಿನಲ್ಲಿ ಒಬ್ಬರ ದನಿ ಒಬ್ಬರಿಗೆ ಕೇಳದೆ ಚದುರಿ, ಒಬ್ಬೊಬ್ಬರೇ ಅಳಿದು ಇಲ್ಲವಾಗಿತ್ತು.

“ಮರಿಯ ಅಜ್ಜಿ ಬದುಕಿದ್ದಾಗ ಹಿಡಿದಿಟ್ಟ ದನಿ ಪೆಟ್ಟಿಗೇಲಿ ಉಂಟಲ್ಲ?” ಎಂದ ದುರ್ಗಪ್ಪ. “ ಹಾಕಿ ಮತ್ತೆ. ಪಾಪ, ಮರಿಗೆ ಮಾತೇ ಬರದಿದ್ರೆ?”

ನೀರಜಾ ಹಿಂಜರಿದಳು. ಕಡೆಗೆ ಗುಂಡಿ ಒತ್ತಿದಳು.

ತಾಯಿ ಗಕ್ಕನೆ ತಿರುಗಿತು. ಮರಿಯನ್ನು ಬಿಟ್ಟು ನೇರ ದೋಣಿಯಡಿಗೆ ಬಂದು, ನೀರಲ್ಲಿ ತೂಗುತ್ತಿದ್ದ ಧ್ವನಿವರ್ಧಕವನ್ನು ಮೂತಿಯಿಂದ ಮುಟ್ಟಿತು. ಸುತ್ತಿತು. ಮತ್ತೆ ಮುಟ್ಟಿತು. ದೂರದಲ್ಲಿ, ಇನ್ನೂ ಈಜು ಹದವಾಗದ ಮರಿ ಅಲೆಗಳ ನಡುವೆ ಮುಳುಗೇಳುತ್ತಿತ್ತು.

“ನಿಲ್ಸಿ ಅಕ್ಕೋರೇ! ಮರಿ ಹೋಗ್ತದೆ!”

ಅವಳು ತಟ್ಟನೆ ದನಿಯನ್ನು ನಿಲ್ಲಿಸಿದಳು. ತಾಯಿ ಬಹಳ ಹೊತ್ತು ಹುಡುಕಿತು. ಆಮೇಲೆ ಮರಿಯತ್ತ ಧಾವಿಸಿ, ಅದನ್ನು ಉಸಿರಾಡಲು ಮೇಲೆತ್ತಿ ಹಿಡಿಯಿತು.

ಅಂದೇ ನೀರಜಾ ಧ್ವನಿವರ್ಧಕವನ್ನು ಕಿತ್ತು ತೆಗೆದಳು. ಕೇಳಿಸಿಕೊಳ್ಳುವ ಭಾಗವನ್ನಷ್ಟೇ ಉಳಿಸಿ, ಅದನ್ನು ಹಡಗುಗಳಿಗೆ ಅಳವಡಿಸಿರೆಂದು ಕೇಳುತ್ತ ಹಡಗಿನವರ ಬಾಗಿಲಿಂದ ಬಾಗಿಲಿಗೆ ಅಲೆದಳು. ಒಂದೆರಡು ವರ್ಷಗಳಲ್ಲಿ, ತಿಮಿಂಗಿಲದ ದನಿ ಕೇಳಿದೊಡನೆ ಹಡಗುಗಳು ವೇಗ ತಗ್ಗಿಸತೊಡಗಿದವು. ಕಡಲು ಮೌನವಾಯಿತು.

ಆ ಮೌನದಲ್ಲಿ ಅವಳು ಮರಿಯ ದನಿ ಕೇಳಿದಳು. ತಾಯಿಯೊಂದೇ ಕೂಗಿ ಕೂಗಿ ಕಲಿಸಿತ್ತು. ಮರಿ ಮನೆತನದ ಕೂಗನ್ನು ತಪ್ಪಿಲ್ಲದೆ ಕೂಗಿತು. ಅಮ್ಮನ ಹಾಗೆಯೇ, ಉತ್ತರಕ್ಕೆಂದು ಸುಮ್ಮನೆ ಕಾಯಿತು. ಮತ್ತೆ ಕೂಗಿತು. ಕಡಲಿನಾಚೆಯವರೆಗೂ ಈಗ ಆ ದನಿ ನಿಚ್ಚಳವಾಗಿ ಕೇಳುತ್ತಿತ್ತು; ಉತ್ತರ ಮಾತ್ರ ಬರಲಿಲ್ಲ.

“ಇದನ್ನ ಮೂವತ್ತು ವರ್ಷ ಮೊದ್ಲೇ ಮಾಡ್ಬಹುದಿತ್ತು ದುರ್ಗಪ್ಪಣ್ಣ,” ಎಂದಳು ನೀರಜಾ. “ಆಗ ಯಂತ್ರ ಏನೂ ಬೇಕಿರ್ಲಿಲ್ಲ. ಹಡಗು ಸ್ವಲ್ಪ ನಿಧಾನ ಹೋಗಿದ್ರೆ ಸಾಕಿತ್ತು.”