ಕಿವಿಪೆಟ್ಟಿಗೆಯ ಗಡುವು

ಹೊರಗೆ ಒಂದು ಗುಬ್ಬಿ ಚಿಲಿಪಿಲಿಗುಟ್ಟಿತು. ಅದರ ಬೆನ್ನಿಗೇ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಗುಬ್ಬಿಯ ದನಿ ಒಳಗೆ ಬಂತು, ಲಾರಿಯದು ಹೊರಗೇ ಉಳಿಯಿತು.

"ಇದು ಖರೇ ಗುಬ್ಬೀನೇ ಏನವ್ವ, ಇಲ್ಲಾ ಟಿವಿ ಒಳಗಿಂದು ತಂದು ಕೇಳಸ್ಲಿಕತ್ತೀ?" ಮೇಲಿನ ಮಹಡಿಯ ಜಗದೇವಮ್ಮ ಅನುಮಾನದಿಂದ ಕೇಳಿದರು.

"ಖರೇನೇ ಆಯಿ. ನಿಮ್ಮ ಗ್ವಾಡಿ ಮ್ಯಾಲೇ ಕುಂತದ," ಎಂದಳು ವೈಭವಿ.

ಜಗದೇವಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಗುಬ್ಬಿಯ ದನಿ ಅವರ ಕಿವಿಗೆ ಬಿದ್ದು ಹತ್ತಾರು ವರ್ಷಗಳೇ ಆಗಿದ್ದವು.

ಮುಂದೆ ಬರಲಿದ್ದ ಆ ಕಾಲದ ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ ನಿಲ್ಲುವುದೆಂದರೆ ಪ್ರಾಣದ ಜೊತೆ ಆಟವಾಡಿದಂತೆ. ಆದ್ದರಿಂದ ಮನೆಗಳಿಗೆ ತೆರೆಯುವ ಕಿಟಕಿಯೇ ಇರಲಿಲ್ಲ. ಎರಡು ಗಾಜುಗಳ ನಡುವಿನ ಗಾಳಿಯನ್ನು ಹೀರಿ ತೆಗೆದು ಗೋಡೆಗೆ ಕೂರಿಸುತ್ತಿದ್ದರು. ಗಾಳಿಯಿಲ್ಲದ ಕಡೆ ಶಾಖ ಸುಲಭವಾಗಿ ದಾಟದು, ಶಬ್ದವಂತೂ ದಾಟುವುದೇ ಇಲ್ಲ. ಮನೆಗಳು ತಂಪಾದವು, ಜೊತೆಗೆ ಕಿವುಡೂ ಆದವು. ಮಂದಿಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಅದಕ್ಕೆ ಡಾಕ್ಟರ್ ಇಲಿಯಾಸ್ ಪಟೇಲರು ಕಂಡುಕೊಂಡ ಮದ್ದು ಒಂದು ಪೆಟ್ಟಿಗೆ. ಕಂಪ್ಯೂಟರ್ ಜಾಲಗಳಲ್ಲಿ ಸ್ವಿಚ್ ಎಂಬ ಪೆಟ್ಟಿಗೆ ಹಿಂದಿನಿಂದಲೂ ಇತ್ತು. ಹಲವು ತಂತಿಗಳಿಂದ ಬರುವ ಸಂದೇಶಗಳನ್ನು ಅದು ಸೇರಬೇಕಾದ ಕಡೆಗೆ ಕಳಿಸುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಅದಕ್ಕೆ ನಿಯಮಗಳನ್ನೂ ಬರೆದಿಡಬಹುದು. ಪಟೇಲರು ಸಂದೇಶದ ಜಾಗದಲ್ಲಿ ಶಬ್ದವನ್ನು ಇಟ್ಟರು. ಹೊರಗೋಡೆಯ ಮೈಕುಗಳು ಶಬ್ದವನ್ನು ಹಿಡಿಯುತ್ತವೆ. ಅದು ಗುಬ್ಬಿಯದೋ ಲಾರಿಯದೋ ಮನುಷ್ಯನದೋ ಎಂದು ಸ್ವಿಚ್ ಗುರುತಿಸಿ, ನಿಯಮಗಳನ್ನು ನೋಡಿ, ಬಿಡಬೇಕಾದದ್ದನ್ನಷ್ಟೇ ಒಳಗಿನ ಸ್ಪೀಕರಿಗೆ ದಾಟಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿಯುತ್ತದೆ. ಪಟೇಲರು ಅದಕ್ಕೆ ಉದ್ದದ ಹೆಸರೊಂದನ್ನು ಇಟ್ಟಿದ್ದರು. ಮಂದಿ ಮಾತ್ರ ಕಿವಿಪೆಟ್ಟಿಗೆ ಎಂದರು.

ನಿಯಮ ಬರೆಯುವ ಕೆಲಸ ವೈಭವಿಯದು. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಡಿಪ್ಲೊಮಾ ಮುಗಿಸಿದವಳು. ಕಲಿತದ್ದೆಲ್ಲ ಸರಿಯಾಗಿ ಕಲಿತಿದ್ದೇನೆಯೋ ಇಲ್ಲವೋ ಎಂಬ ಅಳುಕು ಇನ್ನೂ ಹೋಗಿರಲಿಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಸ್ವಭಾವ.

ಈ ಕಟ್ಟಡಕ್ಕೆಂದು ಅವಳು ಪ್ರತಿ ಮನೆಯ ಕದ ತಟ್ಟಿ ಏನು ಬೇಕು, ಏನು ಬೇಡ ಎಂದು ಕೇಳಿ ಬಂದಿದ್ದಳು. ನೆಲಮಹಡಿಯ ಶಿವಶರಣಪ್ಪ, ಕಟ್ಟಡದ ಸಂಘದ ಅಧ್ಯಕ್ಷರು, ಮೊದಲು ಸಿಕ್ಕವರು. "ಗುರ್ತಿಲ್ಲದ ಮಂದಿ ರೋಡಿನ್ಯಾಗ ಚೀರಾಡೋದು ಒಳಗ ಬರಬಾರ್ದು ನೋಡ್ರಿ. ಕುಟ್ಟೋದು ಬಡಿಯೋದೂ ಬ್ಯಾಡ," ಎಂದರು. ಎರಡನೆಯ ಮಹಡಿಯವರಿಗೆ ತರಕಾರಿ ಗಾಡಿಯ ಕೂಗು ಬೇಕಿತ್ತು. ಅವರ ಪಕ್ಕದ ಮನೆಯಾಕೆ ಮೆಲ್ಲಗೆ, "ಮ್ಯಾಲಿನ ಗಂಡಾ ಹೆಂಡ್ತಿ ಜಗಳಾ ಒಂದು ಬಂದ್ ಮಾಡಬ್ಯಾಡ್ರಿ. ನಮಗ ಬ್ಯಾರೆ ಟೈಂಪಾಸ್ ಏನದ?" ಎಂದಿದ್ದಳು. ಎಲ್ಲರಿಗಿಂತ ಕೊನೆಗೆ ಜಗದೇವಮ್ಮ. "ಗುಬ್ಬಿ ಇದ್ರ ಬಿಡವ್ವ. ಮತ್ತ ಯಾರರೆ ತ್ರಾಸಿನ್ಯಾಗ ಕರದ್ರ ಕೇಳಸ್ಬೇಕು. ಇಷ್ಟೇ ನಂದು."

ವೈಭವಿ ಯಾರಿಗೂ ಅನ್ಯಾಯವಾಗಬಾರದೆಂದು ನಲ್ಲಿಯ ಸರದಿಯಂತೆ ಬರೆದಳು. ಮೊದಲು ಹೇಳಿದವರದು ಮೇಲೆ, ಕಡೆಗೆ ಹೇಳಿದವರದು ಕೆಳಗೆ. ಯಾರದೂ ಬಿಟ್ಟುಹೋಗಿಲ್ಲವೆಂದು ಮತ್ತೆ ಮತ್ತೆ ನೋಡಿಕೊಂಡಳು.

ಹೊಸ ನಿಯಮ ಹಾಕುವಾಗ ಅವಳದೊಂದು ರೂಢಿಯಿತ್ತು. ಪೆಟ್ಟಿಗೆಗೆ ಮೊದಲೇ ಗಡುವು ಕೊಡುವುದು: ಅರ್ಧ ಗಂಟೆಯೊಳಗೆ ನಾನು ಬಂದು ಸರಿ ಎನ್ನದಿದ್ದರೆ ಹೊಸದನ್ನು ಬಿಸಾಕಿ ಹಳೆಯದಕ್ಕೆ ಮರಳು. ಸಂಜೆ ತರಗತಿಯ ಮೇಷ್ಟ್ರು ಹೇಳುತ್ತಿದ್ದರು: "ಬಾಗಿಲಾ ಹಾಕೋ ಮುಂಚೆ ಕೀಲಿ ಒಳಗದನೋ ಹೊರಗದನೋ ನೋಡ್ರಿ." ಮಂದಿಗೆ ಪೆಟ್ಟಿಗೆಯನ್ನು ಮೊದಲ ಸಲ ತೋರಿಸುವ ಆ ಬೆಳಿಗ್ಗೆ ಪಟೇಲರು ನಕ್ಕಿದ್ದರು. "ಇವತ್ತೊಂದಿನ ಗಡುವು ಬಿಡು ಬೇಟಾ. ಮಂದಿ ಶಾಂತ ಕುಂತಾಗ ಒಮ್ಮೆಲೇ ಗದ್ದಲ ನುಗ್ಗಿದ್ರ ನನ್ನ ಮಾನ ಹೋಗ್ತದ." ಅವಳು "ಹೂಂ ಸರ್" ಎಂದಿದ್ದಳು.

ಗುಬ್ಬಿಯ ದನಿಯಲ್ಲಿ ಸಣ್ಣ ಕರಕರ ಕೇಳಿಸಿತು. ಮೇಲೆ ತಾರಸಿಯ ಗೋಡೆಯ ಮೈಕಿಗೆ ಧೂಳು ಕುಂತಿರಬೇಕು. ಒಂದು ಗಳಿಗೆಯ ಕೆಲಸವೆಂದು ವೈಭವಿ ಮಾಳಿಗೆ ಹತ್ತಿದಳು. ಅವಳ ಫೋನು ಕೆಳಗೆ ಸ್ವಿಚ್ಚಿಗೆ ಜೋಡಿಸಿಯೇ ಇತ್ತು. ಬಿಸಿಲು ಒಳಗೆ ನುಗ್ಗದಂತೆ ಬಾಗಿಲು ತಾನೇ ಮುಚ್ಚಿಕೊಂಡಿತು.

ಧೂಳು ಒರೆಸಿ ತಿರುಗಿ ಬಂದು, "ವೈಭವಿ," ಎಂದು ಹೆಸರು ಹೇಳಿದಳು. ಬಾಗಿಲು ತೆರೆಯಲಿಲ್ಲ.

ಇನ್ನೊಮ್ಮೆ ಹೇಳಿದಳು. ಆಗ ಹೊಳೆಯಿತು. ದನಿ ಗುರುತಿಸಿ ತೆರೆಯುವ ಬಾಗಿಲಿಗೂ ಶಬ್ದ ಹೋಗುವುದು ಅದೇ ಪೆಟ್ಟಿಗೆಯ ಮೂಲಕ. ಜೋಡಣೆಯ ದಿನಗಳಲ್ಲಿ ಎಲ್ಲ ಶಬ್ದವನ್ನೂ ಬಿಡುವ ಹಳೆಯ ನಿಯಮವಿತ್ತು, ಕೆಲಸಗಾರರ ದನಿಯೂ ಅದರಲ್ಲಿ ಸೇರಿತ್ತು. ಹೊಸ ನಿಯಮಕ್ಕೆ ಗೊತ್ತಿರುವುದು ಮನೆಯವರ ದನಿ ಮಾತ್ರ. ಈ ಕಟ್ಟಡಕ್ಕೆ ಅವಳೀಗ ಗುರುತಿಲ್ಲದವಳು.

ತ್ರಾಸಿನಲ್ಲಿ ಕರೆದರೆ ಬಿಡಬೇಕೆಂಬ ನಿಯಮ ಇದೆಯಲ್ಲ ಎಂದುಕೊಂಡು ಗಂಟಲು ಹರಿಯುವಂತೆ ಕೂಗಿದಳು. ಕೂಗುತ್ತಿದ್ದಂತೆಯೇ ತಾನು ಬರೆದ ಪಟ್ಟಿ ನೆನಪಾಯಿತು. ಪೆಟ್ಟಿಗೆ ನಿಯಮಗಳನ್ನು ಮೇಲಿನಿಂದ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿತೋ, ಅಲ್ಲಿಗೆ ಓದು ನಿಲ್ಲಿಸುತ್ತದೆ. ಗುರುತಿಲ್ಲದವರ ಚೀರಾಟ ಬೇಡವೆಂಬುದು ಎಲ್ಲಕ್ಕಿಂತ ಮೇಲಿತ್ತು. ಜಗದೇವಮ್ಮನ ಮಾತು ಎಲ್ಲಕ್ಕಿಂತ ಕೆಳಗೆ. ಅಲ್ಲಿಯವರೆಗೆ ಅವಳ ಕೂಗು ಹೋಗುವುದೇ ಇಲ್ಲ. ಸರದಿಯಂತೆ ಬರೆದವಳು ಅವಳೇ.

ಬಾಗಿಲು ಬಡಿದಳು. ಬಡಿಯುವುದೂ ಬೇಡವೆಂದಿದ್ದರು ಅಧ್ಯಕ್ಷರು.

ಶಹಾಬಾದ್ ಕಲ್ಲಿನ ನೆಲ ಚಪ್ಪಲಿಯ ಮೂಲಕವೂ ಸುಡುತ್ತಿತ್ತು. ಮೊಳದಷ್ಟು ನೆರಳೂ ಇರಲಿಲ್ಲ. ಇಂಥ ಬಿಸಿಲಲ್ಲಿ ಗಟ್ಟಿಮುಟ್ಟಾದವರೂ ಗಂಟೆ ತುಂಬುವುದರೊಳಗೆ ಕುಸಿಯುತ್ತಾರೆಂದು ಅವಳಿಗೆ ಗೊತ್ತಿತ್ತು. ನೀರಿನ ಬಾಟಲಿ ಕೆಳಗಿತ್ತು. ಮಾಳಿಗೆಯ ನಡುವೆ, ಜಗದೇವಮ್ಮನ ಕೋಣೆಗೆ ಬೆಳಕು ಬೀಳಲೆಂದು ಕೂರಿಸಿದ ಗಾಜಿತ್ತು. ಅದರ ಮೇಲೆ ಬಾಗಿ ನೋಡಿದಳು. ಮುದುಕಿ ಕುರ್ಚಿಗೊರಗಿ ಕಣ್ಣು ಮುಚ್ಚಿ ಗುಬ್ಬಿಯನ್ನು ಕೇಳುತ್ತಿದ್ದರು. ತುಟಿಯ ಮೇಲೆ ಸಣ್ಣ ನಗು. ವೈಭವಿ ಗಾಜು ಗುದ್ದಿದಳು, ಕೈ ಬೀಸಿದಳು. ಆ ನಗು ಹಾಗೇ ಇತ್ತು. ತಾನೇ ಕೊಟ್ಟ ಸುಖವದು.

ಗಡುವು ಹಾಕಿದ್ದೆನೆ?

ನೆನಪಾಗಲಿಲ್ಲ. ಸರ್ ಬೇಡವೆಂದರು, ಹೂಂ ಎಂದೆ. ಆಮೇಲೆ ಬೆರಳು ರೂಢಿಯಂತೆ ಒತ್ತಿದವೋ, ಮಾತು ಕೇಳಿ ಸುಮ್ಮನಾದವೋ? ಯಾವಾಗಲೂ ಅನುಮಾನಪಟ್ಟು ಮತ್ತೆ ನೋಡುವವಳು ಇವತ್ತೊಂದೇ ದಿನ ನೋಡಿರಲಿಲ್ಲ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು ಗಾಜಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಬೆವರು ಬರುವುದು ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲ. ಮುದುಕಿಯ ಮುಖ ಗಾಜಿನ ಕೆಳಗೆ ನೀರಲ್ಲಿದ್ದಂತೆ ಅಲುಗಾಡತೊಡಗಿತು.

ಒಮ್ಮೆಲೇ ಆ ಮುಖ ಸಿಂಡರಿಸಿತು.

ಜಗದೇವಮ್ಮ ಬೆಚ್ಚಿ ಎದ್ದು ಎರಡೂ ಕಿವಿ ಮುಚ್ಚಿಕೊಂಡರು. ಅತ್ತಿತ್ತ ನೋಡಿ ಏನೋ ಬೈದರು. ಮನುಷ್ಯರೊಬ್ಬರು ಮುಖ ಕಿವುಚಿದ್ದನ್ನು ನೋಡಿ ಇನ್ನೊಬ್ಬರಿಗೆ ಅಷ್ಟು ಸಂತೋಷ ಎಂದೂ ಆಗಿರಲಿಕ್ಕಿಲ್ಲ. ಹಳೆಯ ನಿಯಮ ಮರಳಿತ್ತು. ಲಾರಿ, ಜನರೇಟರ್, ಹೊರಗೋಡೆಯ ಎಸಿಗಳು, ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದ್ದವು.

"ಆಯೀ," ಎಂದಳು ವೈಭವಿ. ಕೂಗುವಷ್ಟು ಶಕ್ತಿ ಉಳಿದಿರಲಿಲ್ಲ. ಅಷ್ಟಾದರೂ ಮುದುಕಿ ತಲೆಯೆತ್ತಿ ನೇರವಾಗಿ ಅವಳ ಕಣ್ಣಿಗೇ ನೋಡಿದರು.

ಕೆಳಗೆ ತಣ್ಣೀರಿನ ಬಟ್ಟೆ, ಮಜ್ಜಿಗೆ, ಫ್ಯಾನು. ಜಗದೇವಮ್ಮ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು, "ಸಂತಿ ನಡುಮನಿಗಿ ಬಂದಂಗಾತು ನೋಡು. ಯಾ ಭಾಡ್ಯಾ ಇದನ್ನ ಮಾಡ್ಯಾನಂತ ಬೈದೆ," ಎಂದರು.

"ಆ ಭಾಡ್ಯಾ ನಾನೇ ಅಮ್ಮಾ," ಎಂದರು ಪಟೇಲರು. ಗದ್ದಲ ಕೇಳಿ ಅವರೂ ಶಿವಶರಣಪ್ಪನವರೂ ಕೆಳಗಿನಿಂದ ಓಡಿ ಬಂದಿದ್ದರು. "ವೈಭವಿ, ಗಡುವು ಹಾಕಿದ್ದಿ ಏನು?"

"ಹಾಕಿದ್ದೆ ಅನಸ್ತದ್ರಿ ಸರ್. ನೀವು ಬ್ಯಾಡ ಅಂದ್ರಿ, ಆದ್ರ ಬೆರಳು ಕೇಳಿಲ್ಲ. ಸಿಟ್ಟಾಗಬ್ಯಾಡ್ರಿ."

ಪಟೇಲರು ನಗಲು ಹೋದರು, ನಗು ಬರಲಿಲ್ಲ. ಶಿವಶರಣಪ್ಪ ಕನ್ನಡಕ ತೆಗೆದು ಒರೆಸುತ್ತ, "ನನ್ನ ಸಾಲು ಕೆಳಗ ಹಾಕ್ರಿ. ಆಯಿದು ಮ್ಯಾಲ ಬರಲಿ," ಎಂದರು.

"ಸಾಲು ಬದಲ್ ಮಾಡಿದ್ರ ಸಾಲದ್ರೀ," ಎಂದರು ಪಟೇಲರು. "ನಾವೆಲ್ಲಾ ಒಳಗ ಕುಂತು ಆಹಾ ಭಾರಿ ಆಗ್ಯದ ಅಂದ್ವಿ. ಒಳಗಿದ್ದವರಿಗಿ ಅದು ಯಾವಾಗ್ಲೂ ಭಾರೀನೇ ಅನಸ್ತದ."

ಆಮೇಲೆ ಬಂದ ಕಿವಿಪೆಟ್ಟಿಗೆಗಳೆಲ್ಲ ಬೇರೆಯವು. ಗಡುವಿಲ್ಲದೆ ಅವು ಯಾವ ನಿಯಮವನ್ನೂ ಒಪ್ಪುವುದಿಲ್ಲ. ಸರಿ ಎನ್ನುವ ಗುಂಡಿಯೂ ಅವುಗಳಲ್ಲಿ ಒಳಗಿಲ್ಲ, ಹೊರಗೋಡೆಯ ಮೇಲಿದೆ. ನಿಯಮ ಬದಲಾದ ದಿನ ಕಟ್ಟಡಕ್ಕೆ ಸೇರದ ಯಾರಾದರೊಬ್ಬರು, ತರಕಾರಿಯವಳೋ ಅಂಚೆಯವನೋ, ಹೊರಗೆ ನಿಂತು ಕೂಗಬೇಕು. ಒಳಗಿನಿಂದ ಯಾರಾದರೂ "ಓ" ಅನ್ನಬೇಕು. ಆ ಓ ಕೇಳಿದ ಮೇಲೆ ಹೊರಗಿನವರೇ ಗುಂಡಿ ಒತ್ತುತ್ತಾರೆ. ಆ ಕಲಬುರಗಿಯ ಓಣಿಗಳಲ್ಲಿ ಮಂದಿ ಆ ಕೂಗಿಗೆ ಕಾಯುತ್ತಾರಂತೆ. ಓ ಅನ್ನಲು ಮನೆಮನೆಯವರು ನಾ ಮುಂದು ತಾ ಮುಂದು ಎನ್ನುತ್ತಾರಂತೆ.

ವೈಭವಿ ಆಮೇಲೂ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಾಳೆ. ಅದಕ್ಕಾಗಿ ನಾಚುವುದನ್ನು ಮಾತ್ರ ಬಿಟ್ಟಿದ್ದಾಳೆ.

ಅಂಥ ಪೆಟ್ಟಿಗೆ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ನಮ್ಮ ಕಿಟಕಿಗಳು ಕೈಯಿಂದಲೇ ತೆರೆಯುತ್ತವೆ. ಗೇಟಿಗೆ ಯಾರು ಬರಬೇಕು, ಲಿಫ್ಟಿಗೆ ಯಾರು ಹತ್ತಬಾರದು ಎಂದು ಬರೆದು ಅಂಟಿಸಿದ ಹಾಳೆಗಳಿಗಂತೂ ಬರವಿಲ್ಲ. ಅದನ್ನು ಬರೆದವರು ಒಂದು ಮಧ್ಯಾಹ್ನ ಗೇಟಿನಾಚೆ ನಿಂತು ಕೂಗಿ ನೋಡಬಹುದು. ಓ ಅನ್ನುವವರು ಒಳಗೆ ಇದ್ದಾರೆಯೇ ಎಂದು ತಿಳಿಯಲು ಅಷ್ಟು ಸಾಕು.