ನಿಕಲ್ ಧೂಳು

“ನನ್ನ ರಿಯಾಕ್ಟರ್ ಮುಟ್ಟಿದ್ದು ನೀವೇ ತಾನೆ?”

ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಲ್ಯಾಬಿನ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ.

“ಮುಟ್ಟಿಲ್ಲ ಮೇಡಂ. ಒಳಗೆ ಮಸಿ ಕಟ್ಕೊಂಡಿದೆ. ಗ್ಯಾಸ್ ಹೋಗೋಕೆ ದಾರೀನೇ ಇಲ್ಲ.”

ಬಯೋಡೀಸೆಲ್ ತಯಾರಿಸಿದ ಮೇಲೆ ಉಳಿಯುವ ಗ್ಲಿಸರಾಲಿನಿಂದ ಹೈಡ್ರೋಜನ್ ತೆಗೆಯುವುದು ಅವಳ ಸಂಶೋಧನೆ. ಗ್ಲಿಸರಾಲಿನ ಆವಿಯನ್ನು ನೀರಾವಿಯೊಂದಿಗೆ ರಿಯಾಕ್ಟರಿನೊಳಗಿನ ಕಾದ ನಿಕಲ್ ಪುಡಿಯ ಮೇಲೆ ಹಾಯಿಸಬೇಕು. ನಿಕಲ್ ಆರು ಗಂಟೆ ದುಡಿದು, ಮಸಿ ಬಳಿದುಕೊಂಡು ಕೂತುಬಿಡುತ್ತಿತ್ತು.

“ಸುಮ್ನೆ ನಿಮ್ಮ ಮೇಲೆ ರೇಗಿಬಿಟ್ಟೆ,” ಎಂದಳು.

“ಮೂಗಿನ ತುದೀಲಿ ಮಸಿ ಇಟ್ಕೊಂಡು ರೇಗಿದ್ರೆ ಭಯಾನೇ ಆಗಲ್ಲ ಬಿಡಿ.”

ಅವಳು ಮೂಗು ಒರೆಸಿಕೊಂಡಳು. ಮಸಿ ಕೆನ್ನೆಗೂ ಹತ್ತಿತು. ಅವನು ನಗು ತಡೆಯಲು ಹೋಗಿ ಸೋತ.

ಅಂದಿನಿಂದ ಅವಳ ರಿಯಾಕ್ಟರ್ ಪದೇ ಪದೇ ಕೆಡತೊಡಗಿತು. ಕೆಡದ ದಿನವೂ ಅವಳು ಕರೆಯುತ್ತಿದ್ದಳು. ಅವನು ಸರಿಯಾಗಿಯೇ ಇದ್ದ ನಟ್ಟನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಅವಳು ಬರೆಯುವ ನೆಪದಲ್ಲಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ.

ಮಸಿ ಕಟ್ಟದಿರಲೆಂದು ಅವಳು ಹೊಸ ಹೊಸ ನಿಕಲ್ ಪುಡಿ ಮಾಡಿ ಗಾಜಿನ ಕಪಾಟಿನೊಳಗೆ ಜರಡಿ ಹಿಡಿಯುತ್ತಿದ್ದಳು. ಧೂಳನ್ನು ಹೊರಗೆಳೆಯಬೇಕಾದ ಅಲ್ಲಿನ ಫ್ಯಾನ್ ಸೋತಿರುವುದು ತಿಂಗಳ ತಪಾಸಣೆಯಲ್ಲಿ ಅವನ ಕಣ್ಣಿಗೆ ಬಿತ್ತು. ಹಾಗೆಂದು ಬರೆದರೆ ಹೊಸ ಫ್ಯಾನ್ ಬರುವವರೆಗೆ ಕೋಣೆಗೆ ಬೀಗ ಬೀಳುತ್ತದೆ. ಅವಳು ಬೇರೆ ಲ್ಯಾಬಿಗೆ ಹೋಗುತ್ತಾಳೆ. ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆದ.

ಅವಳಿಗೆ ಕೆಮ್ಮು ಶುರುವಾಯಿತು. ಅವನು ಬಿಸಿನೀರು ತಂದುಕೊಟ್ಟ. ಫ್ಯಾನಿನ ಮಾತೆತ್ತಲಿಲ್ಲ.

ಅವಳ ಹೊಸ ಪುಡಿ ಮಸಿ ಕಟ್ಟದೆ ನೂರು ಗಂಟೆ ಓಡಿದ ವಾರವೇ ಅವಳು ಉಸಿರು ಸಿಕ್ಕದೆ ನೆಲಕ್ಕೆ ಬಿದ್ದಳು. ನಿಕಲ್ ಧೂಳು ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಆ ಕೆಲಸದ ಹತ್ತಿರವೂ ಸುಳಿಯುವಂತಿಲ್ಲ ಎಂದರು ಡಾಕ್ಟರು.

ಅವಳು ಈಗ ಅಕ್ಕನ ಮನೆಯಲ್ಲಿದ್ದಳು. ಅವನು ಅಲ್ಲಿಗೆ ಹೋದ. “ಬನ್ನಿ, ದಿನಾ ನಿಮ್ಮದೇ ಮಾತು ಅವಳಿಗೆ,” ಎಂದು ಅಕ್ಕ ಒಳಗೆ ಕರೆದಳು. ಅವನಿಗೆ ಕೂರಲಾಗಲಿಲ್ಲ. ಅವಳೆದುರು ನಿಂತುಕೊಂಡೇ ಫ್ಯಾನಿನ ವಿಷಯ ಎಲ್ಲ ಹೇಳಿದ.

ಅವಳು ಹೊದಿಕೆ ಸರಿಸಿ ಎದ್ದು ಕೂತಳು.

“ಯಾಕೆ ಬರೀಲಿಲ್ಲ?”

“ನೀವು ಹೋಗ್ಬಿಡ್ತೀರಿ ಅಂತ. ದಿನಾ ನಿಮ್ಮನ್ನ ನೋಡ್ಬೇಕಿತ್ತು ನಂಗೆ.”

“ಇಷ್ಟ ಅಂತ ಒಂದು ಮಾತು ಹೇಳಿದ್ರೆ ಬೇರೆ ಲ್ಯಾಬಿಂದ್ಲೂ ಬರ್ತಿದ್ನಲ್ರೀ.”

ಕೆಮ್ಮು ನಿಂತ ಮೇಲೆ ಅವಳೇ ಮತ್ತೆ ಕೇಳಿದಳು.

“ಈಗ ನನ್ನ ಜಾಗದಲ್ಲಿ ಯಾರಿದ್ದಾರೆ?”

“ಹೊಸ ಹುಡುಗಿ ಒಬ್ಳು ಬಂದಿದಾಳೆ.”

“ಹಾಗಾದ್ರೆ ಇಲ್ಲೇನು ಮಾಡ್ತಿದೀರಿ? ಮೊದ್ಲು ಹೋಗಿ ಬರೆದುಕೊಡಿ.”

ಅವನು ತನ್ನ ತಪ್ಪನ್ನೂ ಸೇರಿಸಿ ಬರೆದುಕೊಟ್ಟ. ಅಂದೇ ಕೋಣೆಗೆ ಬೀಗ ಬಿತ್ತು. ವಾರದೊಳಗೆ ಅವನ ಕೆಲಸವೂ ಹೋಯಿತು. ಅದನ್ನು ತಿಳಿಸಲು ಮತ್ತೆ ಬಂದಾಗ ಅವಳು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನವರೆಗೆ ಜೊತೆಗೆ ಹೊರಟಳು. ಕೂಗಳತೆಯ ದಾರಿಯಲ್ಲಿ ನಾಲ್ಕು ಸಲ ನಿಂತು ಉಸಿರು ಎಳೆದುಕೊಂಡಳು. ಅವನೂ ನಿಂತ.

“ನಂಗೂ ನೀವಂದ್ರೆ ಇಷ್ಟ,” ಎಂದಳು. “ಆದ್ರೆ ನಿಮ್ಮನ್ನ ನೋಡಿದಾಗೆಲ್ಲ ಆ ಕೋಣೇನೇ ಕಣ್ಮುಂದೆ ಬರತ್ತೆ. ಇನ್ಮೇಲೆ ಬರ್ಬೇಡಿ.”

ಬಸ್ಸು ಬಂತು. ಅವಳು ಅವನ ಕೈಯನ್ನು ಒಮ್ಮೆ ಹಿಡಿದು, ಬಿಟ್ಟಳು. ಅವನು ಅಲ್ಲಾಡಲಿಲ್ಲ.

“ಹತ್ತಿ.”

ಅವನು ಹಾಗೇ ನಿಂತಿದ್ದ.

“ಹತ್ತೀಪ್ಪ,” ಎಂದಳು, ಏದುಸಿರಿನ ನಡುವೆ. “ಜೋರಾಗಿ ಹೇಳೋಕೆ ಆಗಲ್ಲ ನಂಗೆ.”

ಅವನು ಹತ್ತಿದ.